ಅಪ್‌ಡೇಟ್ ಒತ್ತೂಕ್ಕಿಂತ ಮೊದ್ಲ ನಿಮ್ಮ ಡಿಸೈನ್ ಎಲ್ಲಿ ಕುಂತಾವ ನೋಡ್ರಿ, ನಾ ನೋಡ್ಲಿಲ್ಲ

ಗುಳೇದಗುಡ್ಡ, ಇಳಕಲ್, ಬನಹಟ್ಟಿ ಕಡೆ ಕಂಪ್ಯೂಟರ್‌ದಾಗ ಜಕಾರ್ಡ್ (ತೂತು ಹೊಡದ ಕಾರ್ಡ್ ಪ್ರಕಾರ ಎಳಿ ಎತ್ತೋ ಮಗ್ಗದ ಸಾಧನ) ಡಿಸೈನ್ ತಗಿಯೋರು ಯಾರರ ಇದ್ರ ಇದನ್ನ ಪೂರ್ತಿ ಓದ್ರಿ. ಹೇಳ್ಕೊಳ್ಳಾಕ ನಾಚಿಕಿ ಬರ್ತೈತಿ, ಯಾಕಂದ್ರ ನಮ್ಮ ಓಣ್ಯಾಗ ಯಾರ ಕಂಪ್ಯೂಟರ್ ಕೆಟ್ರೂ ನನ್ನನ್ನ ಕರೀತಾರ, ಅಂಥಾ ನಾನ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತಿ ನಾಕು ವರ್ಷದ ಕೆಲ್ಸ ಕಳ್ಕೊಂಡೇನಿ.

ಬನಶಂಕರಿ ಜಾತ್ರಿಗೆ ಇನ್ನ ಹದಿನೈದ ದಿನ ಇತ್ತು, ಖಣದ (ಕುಬಸದ ಬಟ್ಟಿ) ಆರ್ಡರ್ ತಲಿ ಮ್ಯಾಲ ಕುಂತಿದ್ದು. ಮುಂಜಾನೆ ಡಿಸೈನ್ ಸಾಫ್ಟ್‌ವೇರ್ ತಗದ್ರ ಹೊಸ ವರ್ಷನ್ ಬಂದೈತಿ ಅಂತ ಪಾಪ್‌ಅಪ್. ಅದನ್ನ ಮಾರಿದ ಡೀಲರ್‌ಗೆ ಫೋನ್ ಹಚ್ಚಿ ಕೇಳೇ ಒತ್ತೇನ್ರೀ, ಕೇಳದ ಒತ್ತಿಲ್ಲ. "ಹಳೇದರ ಮ್ಯಾಲ ಹಾಕ್ರಿ ಸರ್, ಏನೂ ಆಗೂದಿಲ್ಲ, ಡಿಸೈನ್ ಎಲ್ಲಾ ಹಂಗ ಇರ್ತಾವ" ಅಂದ. ಏನೂ ಆಗೂದಿಲ್ಲ ಅಂದ!

ಇನ್‌ಸ್ಟಾಲ್ ಮುಗೀತು, ತಗದೆ, ಡಿಸೈನ್ ಲೈಬ್ರರಿ ಖಾಲಿ. ಆನಿ ಹೆಜ್ಜಿ ಇಲ್ಲ, ತೇರು ಇಲ್ಲ, ಸೂಜಿ ಮಲ್ಲಿಗಿ ಇಲ್ಲ. ಕಂಪನಿಯವ್ರ ಕೊಟ್ಟ ಎರಡು ನವಿಲು ಒಂದು ಮಾವಿನಕಾಯಿ ಅಷ್ಟ ಕುಂತಾವ. ಎದಿ ಧಸಕ್ ಅಂತು. ಅದಕ್ಕಿಂತ ಕೆಟ್ಟದ್ದು ನಂಗ ಕಾಣ್ಲೇ ಇಲ್ಲ, ಯಾವ ಬಣ್ಣಕ್ಕ ಯಾವ ನೇಯ್ಗಿ ಅಂತ ನಾ ಕುಂತು ಕುಂತು ಹೊಂದಿಸಿದ್ದ ಪಟ್ಟಿನೂ ಹೋಗಿ ಕಂಪನಿ ಪಟ್ಟಿ ಬಂದು ಕುಂತಿತ್ತು. ನಂದ್ರಾಗ 4ನೇ ಬಣ್ಣ ಅಂದ್ರ ಸ್ಯಾಟಿನ್ (ಎಳಿ ಮ್ಯಾಲ ತೇಲಿ ಹೊಳಿಯೋ ನೇಯ್ಗಿ), ಅವರದ್ರಾಗ ಸಾದಾ ನೇಯ್ಗಿ. ಪೆನ್‌ಡ್ರೈವ್‌ದಾಗ ಉಳದಿದ್ದ ಒಂದ ಒಂದು ಡಿಸೈನ್ ತಗದು ಅವಸರದಾಗ ಕಾರ್ಡ್ ಹೊಡಿಸಿಬಿಟ್ಟೆ. ಮಗ್ಗಕ್ಕ ಏರಿಸಿ ಒಂದು ಮೊಳ ನೇಯ್ದ ಮ್ಯಾಲ ಕಾಕಾ ಕರದು ತೋರಿಸಿದ, "ತಮ್ಮಾ, ಹೂವು ಎಲ್ಲಿ ಹೋತೋ?" ಹೂವು ಬಟ್ಟ್ಯಾಗ ಮುಳುಗಿ ಹೋಗಿತ್ತು. ಮಂದಿ ಮುಂದ ಏನಂತ ಹೇಳ್ಲಿ ನಾ.

ಈಗ ಡೀಲರ್ ಮಾತು ಕೇಳ್ರಿ. ಮೊದಲನೇದು, "ಸರ್ ಇನ್‌ಸ್ಟಾಲ್ ಫೋಲ್ಡರ್ ಒಳಗ ಯಾಕ ಇಟ್ರಿ?" ನಾ ಎಲ್ಲಿ ಇಟ್ಟೆನೋ ಮಾರಾಯಾ! ಸೇವ್ ಒತ್ತಿದ್ರ ನಿನ್ನ ಸಾಫ್ಟ್‌ವೇರ ತಾನಾಗೇ ಪ್ರೋಗ್ರಾಮ್ ಫೈಲ್ಸ್ ಒಳಗಿನ ತನ್ನ ಫೋಲ್ಡರ್ ತೋರಿಸ್ತಿತ್ತು, ನಾ ಹೂಂ ಅಂದೆ. ಎರಡನೇದು, "ಅಗ್ರಿಮೆಂಟ್‌ದಾಗ ಬರದೈತಿ ಸರ್." ಹಂಗಾರ ಹಳೇ ವರ್ಷನ್‌ರ ಕೊಡು ಅಂದೆ. ಡಾಂಗಲ್ ಅಂದ್ರ ಯುಎಸ್‌ಬಿಗೆ ಚುಚ್ಚೋ ಲೈಸೆನ್ಸ್ ಕೀಲಿ, ಅದಿಲ್ದ ಸಾಫ್ಟ್‌ವೇರ್ ಓಡಂಗಿಲ್ಲ. "ಡಾಂಗಲ್ ಹೊಸದಕ್ಕ ಅಪ್‌ಗ್ರೇಡ್ ಆಗೈತಿ ಸರ್, ಹಳೇದು ಇನ್ನ ಓಡಂಗಿಲ್ಲ." ಕಡೀಕ ಏನಂದ ಗೊತ್ತೇನ್ರೀ, "ರಿಕವರಿ ಮಾಡ್ಸೂಣು, 6,500 ಆಗ್ತೈತಿ." ತಾನ ಹೇಳಿ ಅಳಿಸಿ ತಾನ ಹುಡುಕಾಕ ರೊಕ್ಕ! ನಾ ಉದ್ದ ಮೆಸೇಜ್ ಹಾಕಿದ್ರ ಬರೇ ಕೈ ಮುಗಿಯೋ ಚಿತ್ರ ಒಂದು ಕಳಿಸ್ಯಾನ.

ನಮ್ಮ ಅಕ್ಕನ ಮಗ ಬಾಗಲಕೋಟ್ಯಾಗ ಬಿಸಿಎ ಓದ್ತಾನ, ಅವ ಬಂದು ಹತ್ತ ನಿಮಿಷದಾಗ ಅರ್ಧಕ್ಕಿಂತ ಹೆಚ್ಚು ಹುಡುಕಿ ಕೊಟ್ಟ. ಸಂಗತಿ ಏನಂದ್ರ ಪ್ರೋಗ್ರಾಮ್ ಫೈಲ್ಸ್ ಒಳಗ ಸಾದಾ ಯೂಸರ್ ಬರಿಯಾಕ ವಿಂಡೋಸ್ ಬಿಡಂಗಿಲ್ಲ. ಆದ್ರ ಹಳೇ 32 ಬಿಟ್ ಸಾಫ್ಟ್‌ವೇರ್ ಕೆಡಬಾರ್ದು ಅಂತ ವಿಸ್ಟಾ ಅನ್ನೋ ವರ್ಷನ್ ಬಂದಾಗಿಂದ ವಿಂಡೋಸ್ ಒಂದು ಆಟ ಹೂಡೈತಿ, ಅಲ್ಲೇ ಸೇವ್ ಆತು ಅಂತ ತೋರಿಸಿ ಫೈಲ್ ಮಾತ್ರ ಗುಪ್ಪ್‌ಚುಪ್ಪ್ ಒಯ್ದು ಯೂಸರ್ ಫೋಲ್ಡರ್‌ದಾಗ ಆ್ಯಪ್‌ಡೇಟಾ, ಅದರಾಗ ಲೋಕಲ್, ಅದರಾಗ ವರ್ಚುವಲ್‌ಸ್ಟೋರ್ ಅನ್ನೂದ್ರಾಗ ಇಡ್ತೈತಿ. ಆ್ಯಪ್‌ಡೇಟಾ ಹಿಡನ್ ಫೋಲ್ಡರ್, ನಮ್ಮ ಕಣ್ಣಿಗೆ ಬೀಳಂಗಿಲ್ಲ. ಹೊಸ ವರ್ಷನ್ 64 ಬಿಟ್, ಅದಕ್ಕ ಈ ಆಟ ಇಲ್ಲ, ಅದು ಆ ಕಡೆ ಹೊಳ್ಳಿನೂ ನೋಡಂಗಿಲ್ಲ. ಅಂದ್ರ ನನ್ನ ಡಿಸೈನ್ ನನ್ನ ಮಶೀನಿನಾಗ ಇದ್ದು, ಡೀಲರ್ 6,500 ಕೇಳ್ತಿದ್ದ! ಗೊತ್ತಿದ್ದು ಕೇಳಿದ್ನೋ ಗೊತ್ತಿಲ್ಲದ ಕೇಳಿದ್ನೋ, ಎರಡೂ ಕೆಟ್ಟದ್ದ.

ಎಲ್ಲಾ ಸಿಕ್ಕಿಲ್ಲ. ಮೊದಲ ವರ್ಷ ಡೀಲರ್ ಕಡೆ ಹುಡುಗ ಬಂದು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಾಕ ಕಲಿಸಿ ಹೋಗಿದ್ದ, ಆವಾಗ ಮಾಡಿದ್ದು ಖರೇನ ಇನ್‌ಸ್ಟಾಲ್ ಫೋಲ್ಡರ್‌ನಾಗ ಇದ್ದು. ನೆಟ್ಟಗಿರೋ ಇನ್‌ಸ್ಟಾಲರ್ ಹಳೇದು ತಗಿವಾಗ ತಾನು ಇಟ್ಟ ಫೈಲ್ ಅಷ್ಟ ತಗೀತೈತಿ, ಇದು ಫೋಲ್ಡರ್ ಸಮೇತ ಉಡಾಯಿಸೇತಿ. ಬಾಡಿಗಿಯವ ಮನಿ ಬಿಡುವಾಗ ಮಾಲಕನ ಸಾಮಾನನೂ ಗಾಡ್ಯಾಗ ಹಾಕ್ಕೊಂಡು ಹೋದಂಗ.

ಪುಕ್ಕಟೆ ಸಿಗೋ 3ಡಿ ಚಿತ್ರದ ಸಾಫ್ಟ್‌ವೇರ್ ಬ್ಲೆಂಡರ್ ನೋಡ್ರಿ, ಒಂದೊಂದು ವರ್ಷನ್‌ನ ಸೆಟ್ಟಿಂಗ್‌ಗೆ ಬ್ಯಾರೆ ಬ್ಯಾರೆ ಫೋಲ್ಡರ್, ಹೊಸದು ಮೊದಲ ಸಲ ತಗದಾಗ ಹಳೇ ಸೆಟ್ಟಿಂಗ್ ತರ್ಲೇನು ಅಂತ ಕೇಳ್ತೈತಿ. ಚಿತ್ರ ಬಿಡಿಸೋ ಸಾಫ್ಟ್‌ವೇರ್ ಇಂಕ್‌ಸ್ಕೇಪ್ 2017ರಾಗ ಅಳತಿ ಇಂಚಿಗೆ 90ರಿಂದ 96 ಪಿಕ್ಸೆಲ್ ಮಾಡಿದಾಗ ಹಳೇ ಫೈಲ್ ತಗದ್ರ ಏನ್ ಮಾಡ್ಲಿ ಅಂತ ಕೇಳೂದು. ಕೇಳೂದಕ್ಕ ಏನ್ ರೊಕ್ಕ ಹತ್ತೈತಿ? ನಾವು ರೊಕ್ಕ ಕೊಟ್ಟು ಡಾಂಗಲ್ ತಗೊಂಡೋರಿಗೆ ಒಂದು ಮಾತು ಕೇಳಾಕ ಆಗಂಗಿಲ್ಲ.

ಅದಕ್ಕ, ಸೇವ್ ಒತ್ತಿದಾಗ ಮ್ಯಾಲ ಯಾವ ಫೋಲ್ಡರ್ ತೋರಿಸ್ತೈತಿ ಅಂತ ಇವತ್ತ ನೋಡ್ರಿ, ಪ್ರೋಗ್ರಾಮ್ ಫೈಲ್ಸ್ ಇದ್ರ ಇವತ್ತ ಡಿ ಡ್ರೈವ್‌ಗೆ ಒಯ್ರಿ. ನೇಯ್ಗಿ ಪಟ್ಟಿ ಫೋಟೋನರ ಹೊಡ್ಕೊಂಡು ಇಟ್ಕೊಳ್ರಿ. ಹಳೇ ಇನ್‌ಸ್ಟಾಲರ್ ಕೈಯಾಗ ಇಲ್ದ ಹೊಸದು ಹಾಕಬ್ಯಾಡ್ರಿ. ಜಾತ್ರಿ ಮುಂದ ಅಂತೂ ಮುಟ್ಟಲೇಬ್ಯಾಡ್ರಿ.

ಸೂಜಿ ಮಲ್ಲಿಗಿ ಇನ್ನೂ ಸಿಕ್ಕಿಲ್ಲ. ಯಾರ ಅಟ್ಟದ ಮ್ಯಾಲರ 240 ಹುಕ್ಕಿನ (ಜಕಾರ್ಡ್‌ದಾಗ ಎಳಿ ಎತ್ತೋ ಕೊಕ್ಕಿ) ಅದರ ಹಳೇ ಕಾರ್ಡ್ ಸರ ಇದ್ರ ಹೇಳ್ರಿ, ನಾನ ಬಂದು ಒಯ್ತೇನಿ, ತೂತು ಎಣಿಸಿ ಗ್ರಾಫ್ ಹಾಕ್ಕೊಂಡು ಎರಡ ದಿನದಾಗ ವಾಪಸ್ ಮುಟ್ಟಸ್ತೇನಿ.