ಹಗ್ಗ ಗಟ್ಟಿ, ಚೀಟಿ ತಪ್ಪು: 12 ಎಂಎಂ ಪಿಪಿ ಹಗ್ಗದ ವಿಮರ್ಶೆ

ಕೋಲಾರದ ಎಪಿಎಂಸಿ ಸುತ್ತಮುತ್ತ ಟೊಮ್ಯಾಟೊ ಲೋಡು ಬಿಗಿಯಲು ಮಾರುವ ಮೂರೆಳೆಯ ಪಾಲಿಪ್ರೊಪಿಲೀನ್ (ಪಿಪಿ) ಹಗ್ಗ ಇದು. ಹೊಸೆತ ಬಿಗಿಯಾಗಿದೆ, ನೀರು ಹೀರುವುದಿಲ್ಲ. ನೈಲಾನಿನಷ್ಟು ಹಿಗ್ಗದ ಕಾರಣ 15 ಕೆಜಿ ಕ್ರೇಟುಗಳು ದಾರಿಯಲ್ಲಿ ಸಡಿಲವಾಗುವುದು ಕಡಿಮೆ. ಬಿಸಿಲಿಗೆ ಮಾತ್ರ ತಾಳುವುದಿಲ್ಲ. ಮೇಲ್ಮೈ ಪುಡಿಪುಡಿಯಾಗಿ ಕೈಗೆ ಅಂಟತೊಡಗಿದರೆ ಲೋಡಿಗೆ ಬಳಸಬೇಡಿ.

ತಕರಾರು ಇರುವುದು ಸುರುಳಿಯ ಜೊತೆ ಬರುವ ಗಂಟುಗಳ ಚೀಟಿಯ ಬಗ್ಗೆ. ಅದರಲ್ಲಿ ಒಂದು ಕುಣಿಕೆ ಗಂಟಿಗೆ 'ಬೌಲೈನ್' ಎಂದು ಬರೆದು 'ಬಿಲ್ಲಿನ ಗೆರೆ' ಎಂದು ಕನ್ನಡ ಮಾಡಿದ್ದಾರೆ. ಎರಡೂ ಸರಿಯಿಲ್ಲ. ಇಲ್ಲಿನ 'ಬೌ' ಬಿಲ್ಲಲ್ಲ, ಹಡಗಿನ ಮೂತಿ. ಡಚ್ ಭಾಷೆಯಲ್ಲಿ ಅದರ ಸೋದರ ಪದಕ್ಕೆ ಭುಜ ಎಂದೂ ಅರ್ಥ. 'ಲೈನ್' ಎಂದರೆ ನಾವಿಕರ ಬಾಯಲ್ಲಿ ಹಗ್ಗ. ಚೌಕ ಹಾಯಿಯ ಗಾಳಿಕಡೆಯ ಅಂಚನ್ನು ಮೂತಿಯತ್ತ ಎಳೆದು ಹಿಡಿಯುತ್ತಿದ್ದ ಹಗ್ಗಕ್ಕೆ ಆ ಹೆಸರು, ಅದನ್ನು ಕಟ್ಟುವ ಗಂಟಿಗೂ ಅದೇ ಹೆಸರು ಬಂತು. ಉಚ್ಚಾರ 'ಬೋಲಿನ್'. 1627ರಲ್ಲೇ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಜಾನ್ ಸ್ಮಿತ್ ಇದನ್ನು 'ಬೋಲಿಂಗ್' ಗಂಟು ಎಂದು ಬರೆದಿದ್ದಾನೆ. ಕನ್ನಡದಲ್ಲಿ 'ಬಿಗಿಯದ ಕುಣಿಕೆ' ಎಂದಿದ್ದರೆ ಎಲ್ಲರಿಗೂ ಅರ್ಥವಾಗುತ್ತಿತ್ತು, ಏಕೆಂದರೆ ಜೀರುಕುಣಿಕೆಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಹಸುವಿನ ಕೊರಳಿಗೆ ಜೀರುಕುಣಿಕೆ ಹಾಕಿದರೆ ಎಳೆದಷ್ಟೂ ಬಿಗಿಯುತ್ತದೆ. ಬೋಲಿನ್ ಕಟ್ಟಿದ ಅಳತೆಯಲ್ಲೇ ನಿಲ್ಲುತ್ತದೆ.

ಚಿತ್ರವೂ ತಲೆಕೆಳಗಾಗಿದೆ, ಹೆಸರಿಗಿಂತ ಇದೇ ಅಪಾಯ. ಸರಿಯಾದ ಕ್ರಮ ಹೀಗೆ: ತುದಿಯಿಂದ ಎರಡಡಿ ಬಿಟ್ಟು ಸಣ್ಣ ಸುರುಳಿ ಮಾಡಿ, ತುದಿಕಡೆಯ ಎಳೆ ಮೇಲೆ ಬರಲಿ. ತುದಿಯನ್ನು ಸುರುಳಿಯ ಕೆಳಗಿನಿಂದ ಮೇಲಕ್ಕೆ ತೂರಿಸಿ, ಉದ್ದ ಹಗ್ಗದ ಬೆನ್ನಿಂದ ಸುತ್ತಿ, ಅದೇ ಸುರುಳಿಯೊಳಕ್ಕೆ ಇಳಿಸಿ ಎಳೆಯಿರಿ. ಚೀಟಿಯಲ್ಲಿರುವಂತೆ ಉದ್ದ ಹಗ್ಗ ಮೇಲೆ ಬಂದರೆ ಗಂಟು ಕೂರುವುದೇ ಇಲ್ಲ, ಜಾರಿ ಹೋಗುತ್ತದೆ.

ಪಿಪಿ ಹಗ್ಗ ನುಣುಪು. ಲಾರಿಯ ಅದುರಿಗೆ ಸರಿಯಾಗಿ ಕಟ್ಟಿದ ಬೋಲಿನ್ ಕೂಡ ಬಿಚ್ಚಿಕೊಳ್ಳಬಹುದು. 15 ಸೆಂಟಿಮೀಟರಾದರೂ ತುದಿ ಬಿಡಿ, ಅದನ್ನು ಕುಣಿಕೆಯ ಪಕ್ಕದ ಎಳೆಗೆ ಇನ್ನೊಂದು ಗಂಟು ಹಾಕಿ. ಹಗ್ಗದ ಒಂದು ಕೊನೆಯನ್ನು ಲಾರಿಯ ಕೊಕ್ಕೆಗೆ ಸಿಕ್ಕಿಸಲು ಮಾತ್ರ ಇದು ಸರಿ. ಎಳೆದು ಬಿಗಿಯುವ ಕೊನೆಗೆ ಬೇಡ: ಭಾರ ಕೂತ ಮೇಲೆ ಬೋಲಿನ್ ಕಟ್ಟಲೂ ಆಗದು, ಬಿಚ್ಚಲೂ ಆಗದು. ಭಾರ ಇಳಿದ ಮೇಲೆ ಗಂಟಿನ ಬೆನ್ನನ್ನು ಹೆಬ್ಬೆರಳಿನಿಂದ ಮುಂದಕ್ಕೆ ಬಗ್ಗಿಸಿದರೆ ಸುಲಭವಾಗಿ ಸಡಿಲುತ್ತದೆ.

ಹಗ್ಗ ಕೊಳ್ಳಿ, ಕತ್ತರಿಸಿದ ತುದಿಗಳನ್ನು ಮೇಣದಬತ್ತಿಗೆ ಹಿಡಿದು ಕರಗಿಸಿಕೊಳ್ಳಿ. ಚೀಟಿಯನ್ನು ಮಾತ್ರ ಹೊಸ ಕ್ಲೀನರ್ ಹುಡುಗರ ಕೈಗೆ ಕೊಡಬೇಡಿ.