ಸ್ವೆಲ್ಟ್ ಕಲಿಯಲು ಅದರದ್ದೇ ಟ್ಯುಟೋರಿಯಲ್ ಸಾಕು

ಸ್ವೆಲ್ಟ್ ಅಂದರೆ ವೆಬ್ ಪುಟಗಳನ್ನು ಕಟ್ಟಲು ಬಳಸುವ ಒಂದು ಜಾವಾಸ್ಕ್ರಿಪ್ಟ್ ಸಾಧನ. ಅದನ್ನು ಕಲಿಯಲು ನಾನು ಮೊದಲು ಹಿಡಿದದ್ದು ಒಂದು ವಿಡಿಯೊ ಕೋರ್ಸ್. ಆ ಕೋರ್ಸ್ ಸ್ವೆಲ್ಟ್ 3ರ ಕಾಲದ್ದು, ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು 5ನೇ ಆವೃತ್ತಿ. ಹಳೇ ಡಾಲರ್-ಕೋಲನ್ ($:) ಬರಹವೂ ಹೊಸ ರೂನ್‌ಗಳೂ (5ರಲ್ಲಿ ಬಂದ, ಡಾಲರ್ ಚಿಹ್ನೆಯಿಂದ ಶುರುವಾಗುವ ವಿಶೇಷ ಪದಗಳು) ಒಂದೇ ಫೈಲಿಗೆ ಬಂದರೆ ಬರೀ ಎರರ್. ಎರಡು ವಾರ ಹಾಗೇ ಹೋಯಿತು. ಆಮೇಲೆ ಸ್ವೆಲ್ಟ್ ಸೈಟಿನಲ್ಲೇ ಇರುವ ಉಚಿತ ಟ್ಯುಟೋರಿಯಲ್ ತೆರೆದೆ.

ಎಡಗಡೆ ಪಾಠ, ಬಲಗಡೆ ಕೋಡ್, ಅದರ ಕೆಳಗೇ ಫಲಿತಾಂಶ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಂದು ಪಾಠಕ್ಕೆ ಒಂದೇ ವಿಷಯ. ಸಿಕ್ಕಿಹಾಕಿಕೊಂಡರೆ ಸಾಲ್ವ್ ಬಟನ್ ಇದೆ, ಆದರೆ ಹತ್ತು ನಿಮಿಷ ಒದ್ದಾಡದೆ ಅದನ್ನು ಒತ್ತಬೇಡಿ.

ನನಗೆ ತುಂಬಾ ಹಿಡಿಸಿದ್ದು ಎಫೆಕ್ಟ್ ಪಾಠ. ಎಫೆಕ್ಟ್ ಅಂದರೆ ತಾನು ಬಳಸುವ ಮೌಲ್ಯ ಬದಲಾದಾಗಲೆಲ್ಲ ತಾನಾಗಿ ಮತ್ತೆ ಓಡುವ ಕೋಡ್. ಒಂದು ಟೈಮರ್ ಓಡುತ್ತಿರುತ್ತದೆ, ಜೊತೆಗೆ ಎರಡು ಬಟನ್: ಸ್ಪೀಡ್ ಅಪ್, ಸ್ಲೋ ಡೌನ್. ಸ್ಪೀಡ್ ಅಪ್ ನಾಲ್ಕು ಸಲ ಒತ್ತಿದೆ, ಸಂಖ್ಯೆ ದಡದಡ ಓಡಿತು. ಸ್ಲೋ ಡೌನ್ ಒತ್ತಿದೆ. ನಿಧಾನ ಆಗಲೇ ಇಲ್ಲ! ವೇಗ ಬದಲಾದಾಗಲೆಲ್ಲ ಎಫೆಕ್ಟ್ ಮತ್ತೆ ಓಡುತ್ತದೆ, ಹೊಸ ಸೆಟ್‌ಇಂಟರ್ವಲ್ (ಜಾವಾಸ್ಕ್ರಿಪ್ಟ್‌ನ ಟೈಮರ್) ಶುರುವಾಗುತ್ತದೆ, ಹಳೆಯದನ್ನು ಯಾರೂ ನಿಲ್ಲಿಸಿಲ್ಲ, ಹಾಗಾಗಿ ಐದಾರು ಟೈಮರ್‌ಗಳು ಒಟ್ಟಿಗೇ ಎಣಿಸುತ್ತಿರುತ್ತವೆ. ಎಫೆಕ್ಟ್‌ನಿಂದ ಒಂದು ಫಂಕ್ಷನ್ ರಿಟರ್ನ್ ಮಾಡಿ ಅದರೊಳಗೆ ಟೈಮರ್ ನಿಲ್ಲಿಸುವ ಕ್ಲಿಯರ್‌ಇಂಟರ್ವಲ್ ಹಾಕಿದ ಕೂಡಲೇ ಸರಿಹೋಯಿತು. ಕ್ಲೀನಪ್ ಯಾಕೆ ಬೇಕು ಅಂತ ಎಷ್ಟೋ ಕಡೆ ಓದಿದ್ದೆ, ತಲೆಗೆ ಹೋಗಿದ್ದು ಆವತ್ತೇ. ಇಷ್ಟೆಲ್ಲ ಕಲಿಸಿದ ಅದೇ ಪಾಠ, ಎಫೆಕ್ಟ್ ಆದಷ್ಟು ಬಳಸಬೇಡಿ, ಈವೆಂಟ್ ಹ್ಯಾಂಡ್ಲರ್‌ನಲ್ಲಿ (ಬಟನ್ ಒತ್ತಿದಾಗ ಓಡುವಂಥ ಫಂಕ್ಷನ್‌ನಲ್ಲಿ) ಆಗುವ ಕೆಲಸವನ್ನು ಅಲ್ಲೇ ಮಾಡಿ ಅಂತಲೂ ಹೇಳುತ್ತದೆ. ಈ ಪ್ರಾಮಾಣಿಕತೆ ನನಗೆ ಇಷ್ಟ.

ಹಳೆಯ ಸ್ವೆಲ್ಟ್‌ನಲ್ಲಿ ಅರೇಗೆ (ಪಟ್ಟಿಗೆ) ಹೊಸದೊಂದನ್ನು ಪುಶ್ ಮಾಡಿದರೆ ಪರದೆ ಬದಲಾಗುತ್ತಿರಲಿಲ್ಲ, ಆ ಅರೇಯನ್ನು ಅದಕ್ಕೇ ಮತ್ತೆ ಅಸೈನ್ ಮಾಡಬೇಕಿತ್ತು. 2024ರ ಅಕ್ಟೋಬರ್‌ನಲ್ಲಿ ಬಂದ 5ರಲ್ಲಿ ಡಾಲರ್ ಸ್ಟೇಟ್ ($state) ಅಂತ ಒಮ್ಮೆ ಬರೆದರೆ ಆಯಿತು, ಆಮೇಲೆ ಸುಮ್ನೆ ಪುಶ್ ಮಾಡಿದರೆ ಸಾಕು. ನೆಟ್‌ನಲ್ಲಿ ಸಿಗುವ ಉತ್ತರದಲ್ಲಿ ಎಕ್ಸ್‌ಪೋರ್ಟ್ ಲೆಟ್, ಆನ್-ಕೋಲನ್-ಕ್ಲಿಕ್ ಕಂಡರೆ ಅದು ಹಳೆಯದು, ಮುಂದಕ್ಕೆ ಹೋಗಿ.

ಕೊರತೆ ಇಲ್ಲವೇ ಅಂದರೆ ಇದೆ. ಸ್ವೆಲ್ಟ್ ಒಂದು ಕಂಪೈಲರ್, ನಾವು ಬರೆದ ಕಾಂಪೊನೆಂಟನ್ನು (ಪುಟದ ಒಂದು ತುಣುಕನ್ನು) ಮೊದಲೇ ಜಾವಾಸ್ಕ್ರಿಪ್ಟ್ ಮಾಡಿಬಿಡುತ್ತದೆ, ರಿಯಾಕ್ಟ್ ಎಂಬ ಇನ್ನೊಂದು ಸಾಧನದಲ್ಲಿರುವ ವರ್ಚುವಲ್ ಡಾಮ್ (ಪುಟದ ನಕಲನ್ನು ಮೆಮೊರಿಯಲ್ಲಿಟ್ಟು ಹೋಲಿಸಿ ನೋಡುವ ವಿಧಾನ) ಇಲ್ಲಿಲ್ಲ. ಇದರ ಒಳಗುಟ್ಟನ್ನು ಪಾಠಗಳು ಜಾಸ್ತಿ ಬಿಡಿಸಿ ಹೇಳುವುದಿಲ್ಲ. ಅದೇ ಸೈಟಿನ ಪ್ಲೇಗ್ರೌಂಡ್‌ನಲ್ಲಿ ಒಂದು ಕೌಂಟರ್ ಬಟನ್ ಬರೆದು, ಔಟ್‌ಪುಟ್ ಟ್ಯಾಬ್ ತೆರೆದು ಅದು ಏನಾಗಿದೆ ಅಂತ ನೋಡಿ, ತುಂಬಾ ತಿಳಿಯುತ್ತದೆ. ಪಾಠಗಳೆಲ್ಲ ಪುಟ್ಟವು ಆದ್ದರಿಂದ, ದೊಡ್ಡ ಆಪ್‌ನ ಫೈಲ್‌ಗಳನ್ನು ಹೇಗೆ ಜೋಡಿಸಬೇಕು ಅನ್ನುವುದನ್ನು ಬೇರೆ ಕಡೆ ಕಲಿಯಬೇಕು. ಡಿಸ್ಟ್ರಕ್ಚರಿಂಗ್, ಇಂಪೋರ್ಟ್, ಅರೇ ಮೆಥಡ್‌ಗಳು ಗೊತ್ತಿಲ್ಲದಿದ್ದರೆ ಮೊದಲು ಜಾವಾಸ್ಕ್ರಿಪ್ಟ್ ಮುಗಿಸಿ ಬನ್ನಿ. ಪ್ರಾಪ್ಸ್ (ಕಾಂಪೊನೆಂಟಿಗೆ ಹೊರಗಿನಿಂದ ಕೊಡುವ ಮೌಲ್ಯಗಳು) ಪಾಠದಲ್ಲೇ ಡಿಸ್ಟ್ರಕ್ಚರಿಂಗ್ ಎದುರಾಗುತ್ತದೆ.

ಟ್ಯುಟೋರಿಯಲ್‌ನಲ್ಲಿ ಒಟ್ಟು ನಾಲ್ಕು ಭಾಗ, ಕೊನೆಯ ಎರಡು ಸ್ವೆಲ್ಟ್‌ಕಿಟ್ (ಸ್ವೆಲ್ಟ್ ಬಳಸಿ ಪೂರ್ತಿ ಆಪ್ ಕಟ್ಟುವ ಸಾಧನ) ಬಗ್ಗೆ. ನಾನೀಗ ಮೂರನೆಯದರಲ್ಲಿ ಫಾರ್ಮ್ ಪಾಠಗಳ ಹತ್ತಿರ ಇದ್ದೇನೆ. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಇಲ್ಲದೆಯೂ ಕೆಲಸ ಮಾಡುವ ಒಂದು ಟುಡೂ (ಮಾಡಬೇಕಾದ ಕೆಲಸಗಳ ಪಟ್ಟಿ) ಫಾರ್ಮ್. ಅದಕ್ಕೆ ಎನ್‌ಹ್ಯಾನ್ಸ್ ಅಂತ ಸೇರಿಸಿದೆ, ಪೇಜ್ ರಿಲೋಡ್ ಆಗುವುದೇ ನಿಂತಿತು.