ಜೆಪಿಎಲ್ ಸ್ಮಾಲ್-ಬಾಡಿ ಡೇಟಾಬೇಸ್: 253 ಎಂದು ಟೈಪ್ ಮಾಡಿ ನೋಡಿ

ಕ್ಷುದ್ರಗ್ರಹಗಳ ಬಗ್ಗೆ ಆಸಕ್ತಿ ಇದ್ದರೆ ನಾಸಾದ ಜೆಪಿಎಲ್ (ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ) ನಡೆಸುವ ಈ ಉಚಿತ ಆನ್‌ಲೈನ್ ಸೇವೆಯನ್ನು ಖಂಡಿತ ಬಳಸಿ. ಲಾಗಿನ್ ಬೇಡ, ಜಾಹೀರಾತು ಇಲ್ಲ. ಹೆಸರನ್ನೋ ನಂಬರನ್ನೋ ಹಾಕಿದರೆ ಸಾಕು.

ನನಗೆ ತುಂಬಾ ಇಷ್ಟದ ಕ್ಷುದ್ರಗ್ರಹ ಮಥಿಲ್ಡೆ, ನಂಬರ್ 253. ಮಂಗಳ ಮತ್ತು ಗುರುವಿನ ನಡುವಿನ ಮುಖ್ಯ ಕ್ಷುದ್ರಗ್ರಹ ವಲಯದಲ್ಲಿದ್ದುಕೊಂಡು ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 4.3 ವರ್ಷ ತಗೊಳ್ಳುತ್ತದೆ. ಕಂಡುಹಿಡಿದವರು ಖಗೋಳಜ್ಞ ಯೋಹಾನ್ ಪಲಿಸಾ, 1885ರ ನವೆಂಬರ್ 12ರಂದು, ವಿಯೆನ್ನಾದಲ್ಲಿ. ಫೋಟೋ ತೆಗೆದು ಹುಡುಕುವ ಪದ್ಧತಿ ಇನ್ನೂ ಬಂದಿರದ ಕಾಲ ಅದು. ದೂರದರ್ಶಕಕ್ಕೆ ಕಣ್ಣಿಟ್ಟು, ನಕ್ಷತ್ರಗಳ ನಡುವೆ ಜಾಗ ಬದಲಿಸುವ ಚುಕ್ಕಿ ಯಾವುದು ಅಂತ ನೋಡಿ ನೋಡಿಯೇ ಪಲಿಸಾ ನೂರಕ್ಕೂ ಜಾಸ್ತಿ ಕ್ಷುದ್ರಗ್ರಹ ಹಿಡಿದರು! ಈ ಪುಟದಲ್ಲಿ ಅದಕ್ಕೆಲ್ಲ ಸಿಗುವುದು ದಿನಾಂಕ, ಹೆಸರು, ಊರು, ಅಷ್ಟೇ.

ಇದರ ನಿಜವಾದ ಬೆಲೆ ಇರುವುದು ಭೌತಿಕ ಗುಣಗಳ ಟೇಬಲ್‌ನಲ್ಲಿ. ವ್ಯಾಸ ಸುಮಾರು 53 ಕಿ.ಮೀ. ಮೇಲೆ ಬಿದ್ದ ಬೆಳಕಿನಲ್ಲಿ ವಾಪಸ್ ಕಳಿಸುವುದು ಶೇ 4ರಷ್ಟು ಮಾತ್ರ, ಅಂದರೆ ಇದ್ದಿಲಿನಷ್ಟು ಕಪ್ಪು. ಇಂಥ ಅಂಕಿಗಳು ಬೇರೆ ಕಡೆಯೂ ಸಿಗುತ್ತವೆ, ಆದರೆ ಇಲ್ಲಿ ಅಂಕಿಯ ಪಕ್ಕದಲ್ಲೇ ಅದು ಎಷ್ಟು ಆಚೀಚೆ ಆಗಬಹುದು, ಯಾವ ಅಧ್ಯಯನದಿಂದ ಬಂತು ಅನ್ನುವುದಕ್ಕೂ ಕಾಲಂಗಳಿವೆ, ಅದಕ್ಕೇ ನನಗೆ ಇದರ ಮೇಲೆ ಇಷ್ಟು ನಂಬಿಕೆ.

ಕೊರತೆಯೂ ಇದೆ. ಸ್ವಂತ ಅಕ್ಷದ ಸುತ್ತ ತಿರುಗುವ ಅವಧಿ 417.7 ಗಂಟೆ ಅಂತ ಬರೆದು ಸುಮ್ಮನಾಗಿಬಿಡುತ್ತಾರೆ. ಅದು 17 ದಿನಕ್ಕೂ ಜಾಸ್ತಿ ಅಲ್ವಾ! ಹೆಚ್ಚಿನ ಕ್ಷುದ್ರಗ್ರಹಗಳು ಕೆಲವೇ ಗಂಟೆಗಳಲ್ಲಿ ಒಂದು ಸುತ್ತು ತಿರುಗುತ್ತವೆ, ಹಾಗಾಗಿ ಇದು ಎಷ್ಟು ವಿಚಿತ್ರ ಅಂತ ಹೊಸಬರಿಗೆ ಗೊತ್ತೇ ಆಗುವುದಿಲ್ಲ. ಸಾಂದ್ರತೆಯದೂ ಅದೇ ಕತೆ. ಘನ ಸೆಂಟಿಮೀಟರ್‌ಗೆ 1.3 ಗ್ರಾಂ, ಅಂದರೆ ನೀರಿಗಿಂತ ಸ್ವಲ್ಪವೇ ಭಾರ. 1997ರ ಜೂನ್ 27ರಂದು ನಾಸಾದ ನಿಯರ್ ಬಾಹ್ಯಾಕಾಶ ನೌಕೆ ಸುಮಾರು 1,200 ಕಿ.ಮೀ. ದೂರದಲ್ಲಿ ಹಾದುಹೋದಾಗ ಮಥಿಲ್ಡೆಯ ಗುರುತ್ವ ಅದನ್ನು ಎಷ್ಟು ಎಳೆಯಿತು ಅಂತ ರೇಡಿಯೋ ಸಂಕೇತದಿಂದ ಅಳೆದು ದ್ರವ್ಯರಾಶಿ ಲೆಕ್ಕ ಹಾಕಿದರು. ಗಾತ್ರ ಚಿತ್ರಗಳಿಂದ ಸಿಕ್ಕಿತು. ಎರಡನ್ನೂ ಸೇರಿಸಿ ನೋಡಿದರೆ ಒಳಗೆ ಹೆಚ್ಚುಕಡಿಮೆ ಅರ್ಧ ಭಾಗ ಟೊಳ್ಳು, ಬಂಡೆಚೂರುಗಳ ಸಡಿಲ ರಾಶಿ. 30 ಕಿ.ಮೀ.ಗೂ ಹೆಚ್ಚು ಅಗಲದ ಕುಳಿ ಬಿದ್ದರೂ ಇದು ಒಡೆದು ಚೂರಾಗದೆ ಉಳಿದದ್ದು ಈ ಸಡಿಲತನದಿಂದಲೇ ಅನ್ನುತ್ತಾರೆ ವಿಜ್ಞಾನಿಗಳು, ಡಿಕ್ಕಿಯ ಹೊಡೆತವನ್ನು ಆ ಟೊಳ್ಳು ಜಾಗಗಳೇ ನುಂಗಿಬಿಡುತ್ತವೆ.

ಫೋಟೋ ಬೇಕಾದರೆ ಬೇರೆ ಕಡೆ ಹೋಗಬೇಕು. ಕುಳಿಗಳಿಗೆ ಲೋಕದ ಕಲ್ಲಿದ್ದಲು ಪ್ರದೇಶಗಳ ಹೆಸರಿಟ್ಟಿದ್ದಾರೆ, ನಮ್ಮ ಬೊಕಾರೊ, ದಾಮೋದರ್ ಕೂಡ ಅಲ್ಲಿವೆ. ಆ ಕುಳಿಗಳನ್ನು ನೋಡದೆ ಬರೀ ಅಂಕಿ ಓದಿದರೆ ಮಥಿಲ್ಡೆ ಅರ್ಧವೇ ಸಿಕ್ಕಂತೆ. ಆದರೆ ಆರ್ಬಿಟ್ ವ್ಯೂವರ್ ಚೆನ್ನಾಗಿದೆ. ದಿನಾಂಕ ಹಿಂದೆ ಮುಂದೆ ಮಾಡಿ, ಕಕ್ಷೆಯನ್ನು ಓರೆಯಾಗಿ ತಿರುಗಿಸಿ ನೋಡಬಹುದು.

ಐದಕ್ಕೆ ನಾಲ್ಕು. ಪ್ರತಿ ಅಂಕಿಗೆ ಎರಡೆರಡು ಸಾಲು ವಿವರಣೆ ಹಾಕಿದರೆ ಐದೂ ಕೊಡುತ್ತೇನೆ.